ಉಳಿದವರ ತಂಡದ ವಿಜಯ ಹಜಾರೆ

ಕೃಷ್ಣಾ ನದಿಯ ದಂಡೆಯ ಸಾಂಗಲಿಯಲ್ಲಿ 1915ರ ಮಾರ್ಚ್ 11ರಂದು ವಿಜಯ ಸ್ಯಾಮ್ಯುಯೆಲ್ ಹಜಾರೆಯವರು ಜನಿಸಿದರು. ತಂದೆ ಶಾಲಾ ಶಿಕ್ಷಕರು. ಮನೆಯಲ್ಲಿ ಎಂಟು ಮಂದಿ ಮಕ್ಕಳು. ಮರಾಠಿ ಮಾತನಾಡುವ ಪ್ರಾಟೆಸ್ಟಂಟ್ ಕ್ರೈಸ್ತ ಕುಟುಂಬವದು. ಊರಿನ ಲೆಕ್ಕದಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟೇ ಇದ್ದರೂ ಆ ಸೀಮೆಗೆ ಅವರು ಅಪರಿಚಿತರಾಗಿರಲಿಲ್ಲ. ಸಾಂಗಲಿಗೆ ಕೂಗಳತೆಯ ಮಿರಜದಲ್ಲಿ ಕೆನಡಾ ಮೂಲದ ವೈದ್ಯ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ತೆರೆದ ಮಿಷನ್ ಆಸ್ಪತ್ರೆಗೆ ಕನ್ನಡ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಿದ್ದರು. ಅದೇ ಮಿರಜದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು.

ಆ ಕಾಲದ ಸಾಂಗಲಿ ಇಂದಿನ ಜಿಲ್ಲೆಯಲ್ಲ. ಪಟವರ್ಧನರ ಆಳ್ವಿಕೆಯ ಆ ಸಂಸ್ಥಾನ ಒಂದೆಡೆ ಕೂಡಿಕೊಂಡಿರದೆ ತುಣುಕು ತುಣುಕಾಗಿ ಹರಡಿತ್ತು. ಶಿರಹಟ್ಟಿ, ತೇರದಾಳ, ಬೆಳಗಾವಿಗೆ ಅಂಟಿಕೊಂಡ ಶಹಾಪುರ, ಇವೆಲ್ಲ ಸಾಂಗಲಿಗೇ ಸೇರಿದ್ದವು. ಅರಸರು ಒಬ್ಬರೇ, ಪ್ರಜೆಗಳ ಭಾಷೆ ಎರಡು. ಪೂರ್ವಕ್ಕೆ, ವಿಜಯಪುರದ ಗಡಿಗೆ ತಗುಲಿದ ಜತ್ತ ಸಂಸ್ಥಾನದಲ್ಲಂತೂ ಹಳ್ಳಿಗಳ ಮಾತು ಬಹುಮಟ್ಟಿಗೆ ಕನ್ನಡವೇ ಆಗಿತ್ತು. ಹಜಾರೆಯವರ ಬಾಳಿನಲ್ಲಿ ಈ ಜತ್ತಕ್ಕೂ ಒಂದು ಪಾತ್ರವಿದೆ. ಅಲ್ಲಿಯ ಅರಸರಾದ ಡಫಳೆಯವರು ಕ್ರಿಕೆಟ್ಟಿನ ಹುಚ್ಚು ಹತ್ತಿಸಿಕೊಂಡವರು. ಆಸ್ಟ್ರೇಲಿಯಾದ ಹೆಸರಾಂತ ಲೆಗ್ ಸ್ಪಿನ್ ಬೌಲರ್ ಕ್ಲಾರಿ ಗ್ರಿಮೆಟ್ ಅವರನ್ನು 1930ರ ದಶಕದ ಕೊನೆಯ ಭಾಗದಲ್ಲಿ ತಮ್ಮ ಸಂಸ್ಥಾನಕ್ಕೆ ತರಬೇತಿಗಾಗಿ ಕರೆಸಿಕೊಂಡರು. ಮಳೆ ಕಾಣದ ಆ ಬರಸೀಮೆಗೆ ಜಗತ್ತಿನ ಶ್ರೇಷ್ಠ ಬೌಲರೊಬ್ಬರು ಬಂದು ನಿಂತದ್ದು ಸಂಸ್ಥಾನಗಳ ಯುಗದಲ್ಲಿ ಮಾತ್ರ ನಡೆಯಬಹುದಾದ ಸೋಜಿಗ. ಹಜಾರೆಯವರು ಅವರ ಶಿಷ್ಯರಾದರು. ಹಜಾರೆಯವರು ಬ್ಯಾಟನ್ನು ಎರಡು ಪ್ಯಾಡುಗಳ ನಡುವೆ ಇರಿಸಿಕೊಂಡು ನಿಲ್ಲುತ್ತಿದ್ದ ಭಂಗಿ ನೋಡುವವರಿಗೆ ವಿಚಿತ್ರವಾಗಿ ತೋರುತ್ತಿತ್ತು. ಗುರುವು ಆ ಭಂಗಿಗೆ ಕೈಹಾಕಲಿಲ್ಲ. ಒಳ್ಳೆಯ ಗುರುವಿನ ಲಕ್ಷಣ ಅದೇ ಇರಬೇಕು.

1939-40ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಪರವಾಗಿ ಬರೋಡಾ ವಿರುದ್ಧ ಅವರು ಅಜೇಯ 316 ಗಳಿಸಿದರು. ರಣಜಿ ಟ್ರೋಫಿಯ ಮೊದಲ ತ್ರಿಶತಕವದು. ಸ್ವಲ್ಪ ಕಾಲದಲ್ಲೇ ಅವರು ಬರೋಡಾದ ಗಾಯಕವಾಡರ ಆಶ್ರಯಕ್ಕೆ ಸೇರಿದರು. ಮುಂದಿನ ಬಾಳೆಲ್ಲ ಅಲ್ಲಿಯೇ ಕಳೆಯಿತು.

ಆದರೆ ಅಂದಿನ ಭಾರತದಲ್ಲಿ ರಣಜಿಗಿಂತ ಜನ ಮುಗಿಬಿದ್ದು ನೋಡುತ್ತಿದ್ದದ್ದು ಮುಂಬಯಿಯ ಮತೀಯ ಪಂದ್ಯಾವಳಿಯನ್ನು. ಮೊದಲು ಯುರೋಪಿಯನ್ನರು ಮತ್ತು ಪಾರಸಿಗಳಷ್ಟೇ ಆಡುತ್ತಿದ್ದರು. 1907ರಲ್ಲಿ ಹಿಂದೂಗಳ ತಂಡ, 1912ರಲ್ಲಿ ಮುಸ್ಲಿಮರ ತಂಡ ಸೇರಿದವು. ಹಿಂದೂ ತಂಡದೊಳಗೂ ಎಲ್ಲರೂ ಸಮಾನರಾಗಿರಲಿಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಣಕರ್ ಬಾಳೂ ಅವರಿಗೆ ಪುಣೆಯಲ್ಲಿ ಚಹಾವನ್ನು ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಅವರು ಎಸೆದ ಚೆಂಡನ್ನು ಮಾತ್ರ ಎಲ್ಲರೂ ಮುಟ್ಟುತ್ತಿದ್ದರು. 1937ರಲ್ಲಿ ಐದನೆಯ ತಂಡವೊಂದು ಬಂದಿತು. ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಯಹೂದಿಗಳು, ಇನ್ನೆಲ್ಲಿಯೂ ಸೇರದವರು ಆ ತಂಡದವರು. ಅದರ ಹೆಸರು 'ದಿ ರೆಸ್ಟ್', ಅಂದರೆ ಉಳಿದವರು. ಹೆಸರಿಡುವಷ್ಟು ಸಂಖ್ಯೆಯಿಲ್ಲದವರಿಗೆ ಇಟ್ಟ ಹೆಸರದು. ಭಾರತದ ಅತ್ಯುತ್ತಮ ಬ್ಯಾಟುಗಾರರಲ್ಲಿ ಒಬ್ಬರಾದ ಹಜಾರೆಯವರಿಗೆ ಅಲ್ಲಿ ಸಿಕ್ಕ ವಿಳಾಸವೂ ಅದೇ.

1943-44ರ ಪಂದ್ಯಾವಳಿಯನ್ನು ಕ್ರಿಕೆಟ್ ಬಲ್ಲವರು ಇಂದಿಗೂ ಮರೆತಿಲ್ಲ. ಮುಸ್ಲಿಮರ ವಿರುದ್ಧ 248 ಗಳಿಸಿ ಹಜಾರೆಯವರು ವಿಜಯ ಮರ್ಚೆಂಟರ ದಾಖಲೆಯನ್ನು ಮುರಿದರು. ಅಂತಿಮ ಪಂದ್ಯದಲ್ಲಿ ಹಿಂದೂ ತಂಡದ ಮರ್ಚೆಂಟ್ ಅಜೇಯ 250 ಗಳಿಸಿ ಅದನ್ನು ಮರಳಿ ಪಡೆದರು. ತಂಡದ ಮೊತ್ತ 5 ವಿಕೆಟ್ಟಿಗೆ 581. ಉಳಿದವರು ಮೊದಲ ಸರದಿಯಲ್ಲಿ 133ಕ್ಕೆ ಮುದುಡಿದರು. ಅದರಲ್ಲಿ ಹಜಾರೆಯವರದು 59. ಎರಡನೆಯ ಸರದಿಯಲ್ಲಿ ತಮ್ಮ ವಿವೇಕ್ ಜೊತೆಯಾದರು. ಅಣ್ಣತಮ್ಮಂದಿರು ಆರನೆಯ ವಿಕೆಟ್ಟಿಗೆ 300 ಓಟ ಕೂಡಿಸಿದರು. ಅದರಲ್ಲಿ ವಿವೇಕರ ಪಾಲು 21 ಮಾತ್ರ! ಒಂದು ತುದಿಯನ್ನು ತಮ್ಮ ಕಾಯ್ದರು, ಇನ್ನೊಂದು ತುದಿಯಲ್ಲಿ ಅಣ್ಣ ಆಡಿದರು. ತಂಡದ 387ರಲ್ಲಿ ಹಜಾರೆಯವರದು 309. ಅಷ್ಟಾದರೂ ಪಂದ್ಯ ಉಳಿಯಲಿಲ್ಲ. ಇನ್ನಿಂಗ್ಸ್ ಮತ್ತು 61 ಓಟಗಳಿಂದ ಹಿಂದೂ ತಂಡ ಗೆದ್ದಿತು. ಸೋತ ತಂಡದ ಒಬ್ಬನ ಆಟವೇ ಗೆದ್ದವರ ಆಟಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ವಿಶೇಷ.

ಮತದ ಹೆಸರಿನಲ್ಲಿ ಆಟಗಾರರನ್ನು ವಿಂಗಡಿಸುವ ಈ ಕ್ರಮವನ್ನು ಗಾಂಧೀಜಿಯವರು 1940ರಲ್ಲೇ ವಿರೋಧಿಸಿದ್ದರು. ಪಂದ್ಯಾವಳಿ ನಿಂತದ್ದು 1946ರಲ್ಲಿ. ಅದೇ ವರ್ಷ ಲಾರ್ಡ್ಸ್ ಮೈದಾನದಲ್ಲಿ ಹಜಾರೆಯವರು ತಮ್ಮ ಮೊದಲ ಟೆಸ್ಟ್ ಆಡಿದರು.

1947ರ ಮಾರ್ಚಿನಲ್ಲಿ ಬರೋಡಾದಲ್ಲಿ ರಣಜಿ ಅಂತಿಮ ಪಂದ್ಯ ನಡೆಯಿತು. ಎದುರಾಳಿ ಹೋಳ್ಕರ್ ತಂಡ. 91ಕ್ಕೆ 3 ವಿಕೆಟ್ ಬಿದ್ದಾಗ ಹಜಾರೆಯವರೂ ಲಾಹೋರಿನ ಗುಲ್ ಮಹಮ್ಮದರೂ ಜೊತೆಗೂಡಿದರು. ಹಜಾರೆ 288, ಗುಲ್ 319, ಜೊತೆಯಾಟ 577. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಯಾವುದೇ ವಿಕೆಟ್ಟಿಗೆ ಅದಕ್ಕಿಂತ ದೊಡ್ಡ ಜೊತೆಯಾಟ 2006ರವರೆಗೆ ಬರಲಿಲ್ಲ. ಸಾಂಗಲಿಯ ಕ್ರೈಸ್ತರೊಬ್ಬರು ಮತ್ತು ಲಾಹೋರಿನ ಮುಸ್ಲಿಮರೊಬ್ಬರು ಗುಜರಾತಿನ ಮರಾಠಾ ಅರಸರ ತಂಡಕ್ಕಾಗಿ ಹೀಗೆ ಓಡುತ್ತಿದ್ದ ತಿಂಗಳಲ್ಲೇ ಲಾಹೋರ್ ಮತ್ತು ಅಮೃತಸರ ಗಲಭೆಯಲ್ಲಿ ಉರಿಯುತ್ತಿದ್ದವು.

ಆಗಸ್ಟಿನಲ್ಲಿ ದೇಶ ಎರಡಾಯಿತು. ಆಸ್ಟ್ರೇಲಿಯಾ ಪ್ರವಾಸಕ್ಕೆ ಆಯ್ಕೆಯಾಗಿದ್ದ ವೇಗದ ಬೌಲರ್ ಫಜಲ್ ಮಹಮೂದ್ ಪಾಕಿಸ್ತಾನವನ್ನು ಆರಿಸಿಕೊಂಡರು. ಗುಲ್ ಮಹಮ್ಮದರು ಭಾರತದ ತಂಡದೊಂದಿಗೇ ಹೋದರು. ಆದರೆ 1956ರ ಕರಾಚಿ ಟೆಸ್ಟಿನಲ್ಲಿ ಅವರು ಪಾಕಿಸ್ತಾನದ ಪರ ಆಡಿದರು. ಯುರೋಪಿನ ಜೆಕ್ ಮತ್ತು ಸ್ಲೊವಾಕ್ ಜನರು 1976ರಲ್ಲಿ ಒಂದೇ ತಂಡವಾಗಿ ಯುರೋಪಿನ ಫುಟ್‌ಬಾಲ್ ಕಪ್ಪನ್ನು ಗೆದ್ದವರು. 1993ರ ಜನವರಿ 1ರಂದು ರಕ್ತ ಚೆಲ್ಲದೆ ಬೇರೆ ಬೇರೆ ದೇಶಗಳಾದರು. ಇಲ್ಲಿಯ ಪಾಲು ಹಾಗೆ ಆಗಲಿಲ್ಲ.

ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ 1948ರ ಜನವರಿಯಲ್ಲಿ ನಡೆದ ಟೆಸ್ಟ್ ಹಜಾರೆಯವರ ಬಾಳಿನ ಶಿಖರ. ಬ್ರಾಡ್ಮನ್ನರ ತಂಡದ ವಿರುದ್ಧ, ಲಿಂಡ್ವಾಲ್ ಮತ್ತು ಮಿಲ್ಲರ್ ಅವರ ವೇಗವನ್ನು ಎದುರಿಸಿ 116 ಮತ್ತು 145 ಗಳಿಸಿದರು. ಒಂದೇ ಟೆಸ್ಟಿನಲ್ಲಿ ಎರಡು ಶತಕ ಬಾರಿಸಿದ ಮೊದಲ ಭಾರತೀಯರು ಅವರೇ. ಇಲ್ಲಿಯೂ ತಂಡಕ್ಕೆ ಇನ್ನಿಂಗ್ಸ್ ಸೋಲು. ಪಂದ್ಯ ಮುಗಿದ ಎರಡು ದಿನಕ್ಕೆ ದಿಲ್ಲಿಯಲ್ಲಿ ಗಾಂಧೀಜಿಯವರ ಹತ್ಯೆಯಾಯಿತು. ಮಾರ್ಚಿನಲ್ಲಿ ಸಾಂಗಲಿ, ಮಿರಜ, ಜತ್ತ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಶಿರಹಟ್ಟಿ ಮತ್ತು ತೇರದಾಳ 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂದವು. ಜತ್ತ ಅಲ್ಲಿಯೇ ಉಳಿಯಿತು, ಅದರ ಕನ್ನಡ ಹಳ್ಳಿಗಳ ಸಹಿತ.

1951ರಲ್ಲಿ ಹಜಾರೆಯವರು ಭಾರತದ ನಾಯಕರಾದರು. ಮಿತಭಾಷಿ, ಸಂಕೋಚದ ಮನುಷ್ಯ. ನಾಯಕತ್ವದಲ್ಲಿ ಎಚ್ಚರಿಕೆ ಅತಿಯಾಯಿತೆಂಬ ಆಕ್ಷೇಪ ಅವರ ಕಾಲದಲ್ಲೇ ಇತ್ತು, ಅದು ನಿರಾಧಾರವೂ ಅಲ್ಲ. ಆದರೂ 1952ರ ಫೆಬ್ರವರಿ 10ರಂದು ಮದರಾಸಿನಲ್ಲಿ ಇಂಗ್ಲೆಂಡನ್ನು ಸೋಲಿಸಿ, ಇಪ್ಪತ್ತು ವರ್ಷ ಕಾದ ಮೊದಲ ಟೆಸ್ಟ್ ಗೆಲುವನ್ನು ಭಾರತ ಕಂಡದ್ದು ಅವರ ನಾಯಕತ್ವದಲ್ಲೇ. 12 ವಿಕೆಟ್ ಕಿತ್ತ ವಿನೂ ಮಂಕಡ್ ಆ ದಿನದ ವೀರರು. ಅದೇ ಬೇಸಗೆಯಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ಭಾರತ ಒಂದು ಓಟವೂ ಇಲ್ಲದೆ 4 ವಿಕೆಟ್ ಕಳೆದುಕೊಂಡಿತು. ಆ ಕುಸಿತದ ನಡುವೆ ನಿಂತು 56 ಗಳಿಸಿದವರು ನಾಯಕರೇ.

30 ಟೆಸ್ಟ್, 2192 ಓಟ, 7 ಶತಕ: ಇದು ಅವರ ಲೆಕ್ಕ. ಯುದ್ಧದ ವರ್ಷಗಳು ಅವರ ಯೌವನವನ್ನು ನುಂಗದಿದ್ದರೆ ಅಂಕಿಗಳು ಬೇರೆಯೇ ಇರುತ್ತಿದ್ದವು. 1960ರಲ್ಲಿ ಪದ್ಮಶ್ರೀ ಬಂದಿತು. 2004ರ ಡಿಸೆಂಬರ್ 18ರಂದು ಅವರು ವಡೋದರಾದಲ್ಲಿ ನಿಧನರಾದರು. ರಾಜ್ಯಗಳ ನಡುವಿನ ಏಕದಿನ ಪಂದ್ಯಾವಳಿಗೆ ಈಗ ಅವರ ಹೆಸರಿದೆ. ಆ ಟ್ರೋಫಿಯನ್ನು ಕರ್ನಾಟಕ 2013-14ರಲ್ಲಿ ಮೊದಲ ಬಾರಿಗೆ ಗೆದ್ದಿತು, ಮರುವರ್ಷವೂ ಉಳಿಸಿಕೊಂಡಿತು.