ಕೊಲ್ಹಾಪುರದ ಚಿತ್ರಗಾರ ಅಬಾಲಾಲ್ ರಹಿಮಾನ್

ನಮ್ಮ ಭೋಜ ಗ್ರಾಮದ ಹತ್ತಿರ ವೇದಗಂಗೆಯು ದೂಧಗಂಗೆಯನ್ನು ಕೂಡುತ್ತದೆ. ಆ ಸಂಗಮವನ್ನು ಜಲವರ್ಣದಲ್ಲಿ ಬರೆಯಹೋಗಿ ನಾನು ಕೆಡಿಸಿದ ಕಾಗದಗಳಿಗೆ ಲೆಕ್ಕವಿಲ್ಲ. ತಂದೆಯವರು ತಂಬಾಕಿನ ಹೊಲದಲ್ಲಿ ದುಡಿದು ಕೊಟ್ಟ ಹಣದಲ್ಲಿ ಕೊಂಡ ಕಾಗದಗಳು ಅವು. ನೀರಿನ ಮೇಲಣ ಬೆಳಕು ಬೇಕೆಂದು ಬಿಳಿಯ ಬಣ್ಣವನ್ನು ಬಳಿದೆ; ಹೊಳೆಯು ಸುಣ್ಣ ಬಳಿದ ಗೋಡೆಯಂತಾಯಿತು. ಮುಂದೆ ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಅಬಾಲಾಲ್ ರಹಿಮಾನರ ಚಿತ್ರಗಳ ಎದುರು ನಿಂತಾಗ ನನ್ನ ತಪ್ಪು ಮೆಲ್ಲನೆ ಹೊಳೆಯತೊಡಗಿತು.

ಅಬಾಲಾಲರು ಕೊಲ್ಹಾಪುರದವರೇ. ಮುಂಬಯಿಯ ಜೆ.ಜೆ. ಚಿತ್ರಕಲಾ ಶಾಲೆಯಲ್ಲಿ ಕಲಿತು, 1888ರಲ್ಲಿ ವೈಸರಾಯರ ಪದಕವನ್ನು ಪಡೆದರು. ಅಂಥವರಿಗೆ ಮುಂಬಯಿಯಲ್ಲಿ ಹಣಕ್ಕೇನು ಕೊರತೆ? ಆದರೂ ಅವರು ಊರಿಗೆ ಮರಳಿದರು. ಬಿ.ಎ. ಮುಗಿದೊಡನೆ ಊರು ಬಿಡುವ ಯೋಚನೆಯಲ್ಲಿರುವ ನನಗೆ ಈ ಸಂಗತಿ ಸ್ವಲ್ಪ ಚುಚ್ಚುತ್ತದೆ. ಛತ್ರಪತಿ ಶಾಹೂ ಮಹಾರಾಜರು ಅವರನ್ನು ಆಸ್ಥಾನದ ಚಿತ್ರಗಾರರನ್ನಾಗಿ ಮಾಡಿಕೊಂಡರು. ಆದರೆ ಅಬಾಲಾಲರ ಮನಸ್ಸು ನೆಲೆಸಿದ್ದು ಅರಮನೆಯಲ್ಲಲ್ಲ. ರಂಕಾಳ ಕೆರೆಯ ದಂಡೆಯಲ್ಲಿ, ಅದರ ನೀರಿನಲ್ಲಿ ನಿಂತ ಸಂಧ್ಯಾಮಠದಲ್ಲಿ, ಕೋಟಿತೀರ್ಥದ ಮರಗಳ ನೆರಳಿನಲ್ಲಿ. ಅದೇ ನೀರು, ಅದೇ ಕಲ್ಲು. ಹೊತ್ತು ಮಾತ್ರ ಬೇರೆ. ಅವನ್ನೇ ಮತ್ತೆ ಮತ್ತೆ ಬರೆದರು.

ಜಲವರ್ಣವು ತೈಲವರ್ಣದಂತಲ್ಲ. ತೈಲದಲ್ಲಿ ಕಪ್ಪಿನ ಮೇಲೆ ಬಿಳಿಯನ್ನಿಟ್ಟು ಬೆಳಕನ್ನು ತರಬಹುದು. ಇಲ್ಲಿ ತೆಳುವಾದ ಬಣ್ಣದ ಒಳಗಿನಿಂದ ಕಾಗದವೇ ಬೆಳಗಬೇಕು. ಆದುದರಿಂದ ಬೆಳಕಿನ ಜಾಗವನ್ನು ಮೊದಲೇ ಮನಸ್ಸಿನಲ್ಲಿ ಗುರುತಿಸಿ, ಮುಟ್ಟದೆ ಬಿಟ್ಟು, ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಸಾಗಬೇಕು. ಕಾಗದ ಹಸಿಯಿರುವಾಗ ಹಾಕಿದ ಬಣ್ಣ ಹರಡಿ ಮಂಜಾಗುತ್ತದೆ. ಒಣಗಿದ ಮೇಲೆ ಹಾಕಿದ್ದು ಅಂಚು ಕಟ್ಟಿ ಕೊಂಬೆಯಾಗುತ್ತದೆ. ಆ ಗಳಿಗೆ ತಪ್ಪಿತೋ, ಚಿತ್ರ ಹೋಯಿತು. ತಿದ್ದಲು ಹೋದಷ್ಟೂ ಕೆಸರು. ಒಂದೇ ಕೆರೆಯನ್ನು ಅಷ್ಟು ಸಲ ಬರೆದವರಿಗೆ ಏನನ್ನು ಬರೆಯಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದು ತಿಳಿದಿದ್ದೀತು.

1922ರಲ್ಲಿ ಶಾಹೂ ಮಹಾರಾಜರು ತೀರಿಕೊಂಡರು. ಆ ದುಃಖದಲ್ಲಿ ಅಬಾಲಾಲರು ತಮ್ಮ ಚಿತ್ರಗಳನ್ನು ಹೊತ್ತೊಯ್ದು ನೀರಿಗೆ ಬಿಟ್ಟರೆಂದು ಜನ ಹೇಳುತ್ತಾರೆ. ಕೆಲವರು ಸಾವಿರಗಳ ಲೆಕ್ಕ ಹೇಳುವರು. ಅಷ್ಟನ್ನು ನಾನು ನಂಬಲಾರೆ. ಆದರೆ ಒಂದು ಹಾಳೆಯಾದರೂ ಹಾಗೆ ಮುಳುಗಿದ್ದರೆ, ಅದರ ಬಣ್ಣ ಎಷ್ಟು ಹೊತ್ತಿನಲ್ಲಿ ಕರಗಿತು ಎಂದು ಯೋಚಿಸದೆ ಇರಲಾರೆ. ಆ ಮೇಲೆಯೂ ಅವರು ಒಂಬತ್ತು ವರುಷ ಬದುಕಿದರು. 1931ರಲ್ಲಿ ಕಾಲವಾದರು. ಕೊಲ್ಹಾಪುರದ ಚಿತ್ರಕಲೆಯ ಮಾತು ಬಂದಾಗ ಇಂದಿಗೂ ಮೊದಲು ನೆನೆಯುವ ಹೆಸರುಗಳಲ್ಲಿ ಅವರದೂ ಒಂದು.

ಕಳೆದ ದೀಪಾವಳಿಯ ರಜೆಯಲ್ಲಿ ಮತ್ತೊಮ್ಮೆ ಸಂಗಮಕ್ಕೆ ಹೋಗಿ ಕುಳಿತೆ. ಈ ಸಲ ಬಿಳಿಯ ಬಣ್ಣದ ಡಬ್ಬಿಯನ್ನು ಮನೆಯಲ್ಲಿಯೇ ಬಿಟ್ಟಿದ್ದೆ. ಸಂಜೆ ತಂದೆಯವರು ಹಾಳೆಯನ್ನು ಕೈಯಲ್ಲಿ ಹಿಡಿದು, ನಡುವಿನ ಖಾಲಿ ಜಾಗವನ್ನು ತೋರಿಸಿ, ಇಲ್ಲಿ ಬಣ್ಣ ಹಚ್ಚುವುದು ಉಳಿದಿದೆಯಲ್ಲ ಎಂದು ಕೇಳಿದರು. ಅದೇ ಹೊಳೆ ಎಂದೆ. ಅವರು ಹಾಳೆಯನ್ನು ದೀಪದ ಹತ್ತಿರ ಹಿಡಿದು, ನಮ್ಮ ಹೊಲ ಯಾವ ದಂಡೆಗೆ ಬಂತೆಂದು ಹುಡುಕತೊಡಗಿದರು.