ಸದ್ದು ಎಲ್ಲಿಂದ ಬರ್ತಿದೆ? ಹೆನ್ರಿ ರಾಯ್ಸ್ ಎಂಬ ಮೆಕ್ಯಾನಿಕ್‌ನ ಕಥೆ

ನಮ್ಮ ಮನೆಯಲ್ಲಿ ಹತ್ತು ವರ್ಷ ಹಳೆಯದೊಂದು ಕಾರಿದೆ. ಹೋದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಅದು ಒಂದು ಹೊಸ ಸದ್ದು ಶುರು ಮಾಡಿತ್ತು. ಸ್ಪೀಡು ಒಂದು ಹಂತಕ್ಕೆ ಬಂದ ಕೂಡಲೇ ತಗಡು ನಡುಗಿದ ಹಾಗೆ ಕಿರ್ರ್ ಅನ್ನೋದು. ಇನ್ನೂ ಸ್ವಲ್ಪ ಆಕ್ಸಿಲರೇಟರ್ ಒತ್ತಿದ್ರೆ ಮಾಯ! ಗ್ಯಾರೇಜಿಗೆ ತಗೊಂಡು ಹೋದ್ರೆ ಅಲ್ಲಿ ಸದ್ದೇ ಇಲ್ಲ. ಅಪ್ಪ ಕಂಡುಕೊಂಡ ಪರಿಹಾರ ತುಂಬಾ ಸರಳ: ಹಾಡಿನ ವಾಲ್ಯೂಮ್ ಜಾಸ್ತಿ ಮಾಡೋದು.

ಅದೇ ರಜೆಯಲ್ಲಿ ನಾನು ಹೆನ್ರಿ ರಾಯ್ಸ್ ಬಗ್ಗೆ ಓದ್ತಾ ಇದ್ದೆ. ರೋಲ್ಸ್ ರಾಯ್ಸ್ ಅಂದ್ರೆ ನಮಗೆಲ್ಲ ನೆನಪಾಗೋದು ಮಹಾರಾಜರು ಮತ್ತು ಕೋಟ್ಯಧೀಶರು. ಆದರೆ ಆ ಹೆಸರಿನ ದ್ವಿತೀಯಾರ್ಧದಲ್ಲಿರುವ ಮನುಷ್ಯ ಹುಟ್ಟಾ ಬಡವರು. ಡಿಗ್ರಿ ಇರಲಿಲ್ಲ. ಅವರು ಕಾರು ತಯಾರಿಸಲು ಹೊರಟಿದ್ದು ಕೂಡ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಕಿರಿಕಿರಿ ತಾಳಲಾರದೆ.

ಫ್ರೆಡರಿಕ್ ಹೆನ್ರಿ ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೋ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಕೊನೆಯವರು. ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿ ಕೈಕೊಟ್ಟಿತು, ಕುಟುಂಬ ಲಂಡನ್ನಿಗೆ ಬಂತು. 1872ರಲ್ಲಿ ಅಪ್ಪ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಆಮೇಲೆ ಪೇಪರ್ ಮಾರಾಟ, ಟೆಲಿಗ್ರಾಂ ಹಂಚುವ ಕೆಲಸ. ಶಾಲೆಗೆ ಹೋಗಿದ್ದು ಹೆಚ್ಚುಕಡಿಮೆ ಒಂದೇ ವರ್ಷ.

ಹದಿಹರೆಯದಲ್ಲಿ ಒಂದು ಬಾಗಿಲು ತೆರೀತು. ಪೀಟರ್‌ಬರೋದ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಲು ಬೇಕಿದ್ದ ಫೀಸನ್ನು ಅವರ ಅತ್ತೆಯೊಬ್ಬರು ಕಟ್ಟಿದರು. ಬಾಡಿಗೆಗೆ ಇದ್ದ ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಇತ್ತು, ಸಂಜೆ ಅದರ ಮೇಲೆ ಕೈ ಪಳಗಿತು. ಆದರೆ ಮೂರು ವರ್ಷಕ್ಕೆ ಅತ್ತೆಯ ಹಣ ಮುಗಿಯಿತು, ಅಪ್ರೆಂಟಿಸ್‌ಶಿಪ್ ಅರ್ಧಕ್ಕೇ ನಿಂತಿತು. ಫೀಸ್ ಕಟ್ಟೋಕಾಗದೆ ಓದು ನಿಲ್ಲಿಸಿದವರನ್ನು ನಾವೂ ನೋಡಿದ್ದೇವೆ ಅಲ್ವಾ? ಅಂಥವರ ಕಥೆ ಅಲ್ಲಿಗೇ ಮುಗೀತು ಅಂತ ಅಂದುಕೊಳ್ತೀವಿ. ರಾಯ್ಸ್ ಕಥೆ ಮುಗೀಲಿಲ್ಲ. ಲೀಡ್ಸ್‌ನಲ್ಲಿ ಟೂಲ್ ಮಾಡುವ ಕೆಲಸ ಹಿಡಿದರು, ಆಮೇಲೆ ಲಂಡನ್ನಿನಲ್ಲಿ ಆಗ ತಾನೇ ಕಣ್ಣು ಬಿಡುತ್ತಿದ್ದ ಎಲೆಕ್ಟ್ರಿಕ್ ಕಂಪನಿ ಸೇರಿದರು.

1884ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಮ್ಯಾಂಚೆಸ್ಟರ್‌ನಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಬಂಡವಾಳ ತಮ್ಮದು 20 ಪೌಂಡ್, ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ಅವರದು 50 ಪೌಂಡ್. ಮೊದಲು ಮನೆಯ ಕರೆಗಂಟೆಗಳಂಥ ಸಣ್ಣ ಸಾಮಾನು, ಆಮೇಲೆ ಡೈನಮೊ, ಎಲೆಕ್ಟ್ರಿಕ್ ಕ್ರೇನ್. ಹೆಸರು ಬಂತು.

ಕಾರಿನ ಕಥೆ ಶುರುವಾಗೋದು 1903ರ ಸುಮಾರಿಗೆ. ಆಗ ರಾಯ್ಸ್ ಒಂದು ಹಳೆಯ ಡೆಕೋವಿಲ್ ಕಾರು ತಗೊಂಡರು. ಫ್ರೆಂಚ್ ಕಂಪನಿಯದ್ದು, ಎರಡು ಸಿಲಿಂಡರಿನದ್ದು. ಆ ಕಾಲಕ್ಕೆ ಅದೇನೂ ಕೆಟ್ಟ ಕಾರಲ್ಲ. ಆಗ ಕಾರು ಅಂದ್ರೆ ಸದ್ದು ಮಾಡಬೇಕು, ನಡುಗಬೇಕು, ಕೈಕೊಡಬೇಕು ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ರಾಯ್ಸ್ ಮಾತ್ರ ಒಪ್ಪಲಿಲ್ಲ. ಕಾರನ್ನು ಬಿಚ್ಚಿ ಹಾಕಿದರು. ಯಾವ ಭಾಗ ಯಾಕೆ ಸದ್ದು ಮಾಡುತ್ತೆ, ಯಾವುದು ಯಾಕೆ ಕೆಡುತ್ತೆ ಅಂತ ಒಂದೊಂದಾಗಿ ನೋಡಿದರು. ಕೊನೆಗೆ ತಾವೇ ಕಾರು ಕಟ್ಟೋದು ವಾಸಿ ಅನ್ನಿಸಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರು ಯಾವುದೋ ಹೊಚ್ಚಹೊಸ ತತ್ವ ಕಂಡುಹಿಡಿಯಲಿಲ್ಲ. ಇದ್ದ ಡಿಸೈನನ್ನೇ ಇಟ್ಟುಕೊಂಡು, ಕಿರಿಕಿರಿ ಮಾಡುವ ಪ್ರತಿಯೊಂದು ಭಾಗವನ್ನೂ ಸರಿ ಮಾಡುತ್ತಾ ಹೋದರು. 1904ರ ಏಪ್ರಿಲ್ 1ರಂದು ಅವರ ಮೊದಲ ಕಾರು ಮ್ಯಾಂಚೆಸ್ಟರ್‌ನ ಕುಕ್ ಸ್ಟ್ರೀಟ್ ಕಾರ್ಖಾನೆಯಿಂದ ಹೊರಟು ಅವರ ಮನೆ ತಲುಪಿತು. ಮೂರ್ಖರ ದಿನ, ಆದರೆ ತಮಾಷೆ ಅಲ್ಲ!

ಚಾರ್ಲ್ಸ್ ರೋಲ್ಸ್ ಲಂಡನ್ನಿನಲ್ಲಿ ವಿದೇಶಿ ಕಾರು ಮಾರುತ್ತಿದ್ದ ಶ್ರೀಮಂತ ಮನೆತನದ ಯುವಕ. ಕೇಂಬ್ರಿಡ್ಜ್‌ನಲ್ಲಿ ಓದಿದವರು. ಎರಡು ಸಿಲಿಂಡರಿನ ಕಾರು ಅಂದ್ರೆ ಅವರಿಗೆ ಆಗ್ತಾ ಇರಲಿಲ್ಲ, ಯಾಕಂದ್ರೆ ಅವು ನಡುಗುತ್ತವೆ. 1904ರ ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲ್‌ನಲ್ಲಿ ಇಬ್ಬರ ಭೇಟಿಯಾಯಿತು. ರಾಯ್ಸ್ ಅವರ ಎರಡು ಸಿಲಿಂಡರಿನ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದ ಮೇಲೆ ರೋಲ್ಸ್ ಅಭಿಪ್ರಾಯ ಬದಲಾಯಿತು. ರಾಯ್ಸ್ ತಯಾರಿಸುವುದು, ರೋಲ್ಸ್ ಮಾರುವುದು ಅಂತ ಒಪ್ಪಂದವಾಯಿತು.

ನಿಜವಾದ ಪರೀಕ್ಷೆ ಇನ್ನೂ ಮುಂದಿತ್ತು. ಆರು ಸಿಲಿಂಡರಿನ 30 ಹಾರ್ಸ್‌ಪವರ್ ಕಾರು ಮಾಡಿದಾಗ ಅದರ ಕ್ರ್ಯಾಂಕ್‌ಶಾಫ್ಟ್‌ಗಳು ಮುರಿಯತೊಡಗಿದವು. ಆರು ಸಿಲಿಂಡರ್ ಅಂದ್ರೆ ಉದ್ದನೆಯ ಶಾಫ್ಟು. ಪ್ರತಿ ಸಿಲಿಂಡರ್ ಕೊಡುವ ಹೊಡೆತಕ್ಕೂ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂಚೂರು ತಿರುಚಿ ವಾಪಸ್ ಬರುತ್ತೆ. ಉಯ್ಯಾಲೆಯನ್ನು ಸರಿಯಾದ ಲಯದಲ್ಲಿ ತಳ್ಳಿದರೆ ಸಣ್ಣ ಮಗು ತಳ್ಳಿದರೂ ಅದು ಮೇಲೆ ಮೇಲೆ ಹೋಗುತ್ತಲ್ವಾ? ಹಾಗೇ ಹೊಡೆತಗಳ ಲಯ ಶಾಫ್ಟಿನ ಸ್ವಂತ ಲಯಕ್ಕೆ ಕೂಡಿಬಂದರೆ ತಿರುಚುವಿಕೆ ಬೆಳೆಯುತ್ತಾ ಹೋಗುತ್ತೆ. ಮೊದಲು ನಡುಕ, ಆಮೇಲೆ ಸದ್ದು, ಕೊನೆಗೆ ಶಾಫ್ಟೇ ಎರಡು ತುಂಡು. ನಾವು ವೈಬ್ರೇಷನ್ಸ್ ಪೇಪರಿನಲ್ಲಿ ಹತ್ತು ಮಾರ್ಕಿಗೆ ಬರೆಯುವ ರೆಸೊನೆನ್ಸ್ ಇದೇ.

ರಾಯ್ಸ್ ಶಾಫ್ಟನ್ನು ದಪ್ಪ ಮಾಡಿ ಗಟ್ಟಿಗೊಳಿಸಿದರು. ಅದರ ಮುಂದಿನ ತುದಿಗೆ ಘರ್ಷಣೆಯಲ್ಲಿ ಜಾರುವ ಒಂದು ಪುಟ್ಟ ಫ್ಲೈವೀಲ್ ಕೂರಿಸಿದರು. ಶಾಫ್ಟು ತಿರುಚಲು ಹೋದಾಗ ಅದು ಜಾರಿ ಆ ಶಕ್ತಿಯನ್ನು ಶಾಖವಾಗಿ ತಿಂದುಹಾಕುತ್ತೆ. ಲಾಂಚೆಸ್ಟರ್ ಎಂಬ ಇನ್ನೊಬ್ಬ ಇಂಗ್ಲಿಷ್ ಇಂಜಿನಿಯರ್ ಕೂಡ ಅದೇ ಕಾಲದಲ್ಲಿ ಇಂಥದ್ದೇ ದಾರಿ ಹಿಡಿದಿದ್ದರು. ನಮ್ಮ ಪುಸ್ತಕಗಳಲ್ಲಿ ಡ್ಯಾಂಪರ್ ಜೊತೆ ಬರುವ ಹೆಸರು ಅವರದೇ.

1907ರಲ್ಲಿ ಸಿಲ್ವರ್ ಘೋಸ್ಟ್, ಅಂದ್ರೆ ಬೆಳ್ಳಿ ದೆವ್ವ, ಎಂಬ ಹೆಸರಿನ ಕಾರು ರಸ್ತೆಗೆ ಬಂತು. ದೆವ್ವದ ಹಾಗೆ ಸದ್ದಿಲ್ಲದೆ ಓಡಾಡುತ್ತೆ ಅಂತ ಆ ಹೆಸರು. ಸ್ಕಾಟ್ಲೆಂಡಿನಲ್ಲಿ ನಡೆದ ಪರೀಕ್ಷಾ ಓಟದಲ್ಲಿ ಅದು ಒಂದೇ ಒಂದು ಸಲ ತಾನಾಗಿ ನಿಂತಿತು. ಕಾರಣ ಏನು ಗೊತ್ತಾ? ರಸ್ತೆಯ ಅಲುಗಾಟಕ್ಕೆ ಪೆಟ್ರೋಲ್ ನಲ್ಲಿ ತಾನೇ ತಿರುಗಿ ಮುಚ್ಚಿಕೊಂಡಿತ್ತು! ಅದನ್ನು ತೆರೆದು ಮತ್ತೆ ಹೊರಟರು. ಅಲ್ಲಿಂದ ಮುಂದೆ 14,371 ಮೈಲಿ, ಅಂದರೆ ಸುಮಾರು 23,000 ಕಿಲೋಮೀಟರ್, ಕಾರು ಕೆಟ್ಟು ನಿಲ್ಲಲಿಲ್ಲ. ಒಟ್ಟು 15,000 ಮೈಲಿ ಓಡಿದ ಮೇಲೆ ಬಿಚ್ಚಿ ನೋಡಿದರೆ, ಸವೆದ ಭಾಗಗಳನ್ನು ಹೊಸದರಂತೆ ಮಾಡಲು ಬೇಕಾಗಿದ್ದು ಎರಡು ಪೌಂಡ್ ಚಿಲ್ಲರೆ.

ಇದಕ್ಕೆಲ್ಲ ರಾಯ್ಸ್ ಕೊಟ್ಟ ಬೆಲೆ ಮಾತ್ರ ದೊಡ್ಡದು. ಕೆಲಸಕ್ಕೆ ಕೂತರೆ ಊಟ ಮರೆಯುತ್ತಿದ್ದರು. ಕಾರ್ಖಾನೆಯಲ್ಲಿ ಒಬ್ಬ ಹುಡುಗ ಹಾಲಿನ ಲೋಟ ಹಿಡಿದು ಅವರ ಹಿಂದೆ ಸುತ್ತುತ್ತಿದ್ದನಂತೆ. 1910ರಲ್ಲಿ ರೋಲ್ಸ್ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಇನ್ನೂ ಮೂವತ್ತೆರಡು ವರ್ಷ. ಮರುವರ್ಷ ರಾಯ್ಸ್ ಹಾಸಿಗೆ ಹಿಡಿದರು. ಬದುಕುವುದು ಇನ್ನು ಕೆಲವೇ ತಿಂಗಳು ಅಂದುಕೊಂಡಿದ್ದರು ಡಾಕ್ಟರು. ಆಪರೇಷನ್ ಆಯಿತು. ಆಮೇಲೆ ಅವರು ಹೆಚ್ಚಾಗಿ ಇದ್ದದ್ದು ಕಾರ್ಖಾನೆಯಿಂದ ದೂರ, ದಕ್ಷಿಣ ಫ್ರಾನ್ಸಿನ ಮತ್ತು ಇಂಗ್ಲೆಂಡಿನ ಕಡಲ ತೀರಗಳಲ್ಲಿ. ಜೊತೆಗೆ ನರ್ಸ್ ಇರುತ್ತಿದ್ದರು. ಡ್ರಾಯಿಂಗ್‌ಗಳು ಅವರಿದ್ದಲ್ಲಿಂದಲೇ ಕಾರ್ಖಾನೆಗೆ ಹೋಗುತ್ತಿದ್ದವು. ತಾವು ಕಟ್ಟಿದ ಯಂತ್ರದಲ್ಲಿ ಒಂದು ಸಣ್ಣ ಅಪಸ್ವರವನ್ನೂ ಸಹಿಸದವರು, ಸ್ವಂತ ದೇಹ ಮಾಡಿದ ಸದ್ದನ್ನು ವರ್ಷಗಟ್ಟಲೆ ಕೇಳಿಸಿಕೊಳ್ಳಲೇ ಇಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ನಿದ್ದೆ ಬಿಟ್ಟಿದ್ದನ್ನು ಸಾಧನೆ ಅಂತ ಹೇಳಿಕೊಳ್ಳುವ ನನಗೆ ಈ ಭಾಗ ಸ್ವಲ್ಪ ಜಾಸ್ತಿಯೇ ತಟ್ಟಿತು.

ಆ ಕಾಯಿಲೆಯ ನಡುವೆಯೇ ಮೊದಲ ಮಹಾಯುದ್ಧದ ಈಗಲ್ ವಿಮಾನ ಇಂಜಿನ್ ಬಂತು. 1929 ಮತ್ತು 1931ರಲ್ಲಿ ಷ್ನೈಡರ್ ಟ್ರೋಫಿ ವಿಮಾನ ರೇಸ್ ಗೆದ್ದ ಆರ್ ಇಂಜಿನ್ ಬಂತು. 1930ರಲ್ಲಿ ಸರ್ ಆದರು. ಆದರೂ ತಮ್ಮನ್ನು ಮೆಕ್ಯಾನಿಕ್ ಅಂತ ಕರೆದುಕೊಳ್ಳುವುದೇ ಅವರಿಗೆ ಇಷ್ಟವಾಗಿತ್ತು. 1933ರ ಏಪ್ರಿಲ್ 22ರಂದು ತೀರಿಕೊಂಡರು. ಮುಂದೆ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳನ್ನು ಹಾರಿಸಿದ ಮರ್ಲಿನ್ ಇಂಜಿನ್ ಮೊದಲ ಸಲ ಸ್ಟಾರ್ಟ್ ಆಗಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಅದರ ಸದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಈಗ ನಮ್ಮ ಕಾರಿಗೆ ವಾಪಸ್ ಬರೋಣ. ಒಂದು ಭಾನುವಾರ ಹಾಡು ಆಫ್ ಮಾಡಿ ಅಪ್ಪನೂ ನಾನೂ ಹುಡುಕೋಕೆ ಕೂತ್ವಿ. ಮೊದಲು ಡ್ಯಾಶ್‌ಬೋರ್ಡಿನ ಸಾಮಾನು, ಡಿಕ್ಕಿಯ ಜಾಕಿ, ಸ್ಟೆಪ್ನಿ ಎಲ್ಲ ಹೊರಗೆ ತೆಗೆದ್ವಿ. ಸದ್ದು ಹಾಗೇ ಇತ್ತು. ಆಮೇಲೆ ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಅಪ್ಪ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿದರು. ಎರಡು ಸಾವಿರ ಆರ್‌ಪಿಎಂ ಹತ್ತಿರ ಕಿರ್ರ್ ಅಂತು! ಅಂದ್ರೆ ತಪ್ಪು ರಸ್ತೆಯದ್ದಲ್ಲ, ಇಂಜಿನ್ ಲಯಕ್ಕೆ ಯಾವುದೋ ಭಾಗ ಕುಣೀತಾ ಇದೆ. ಇಂಜಿನ್ ತಣ್ಣಗಾದ ಮೇಲೆ ಕೆಳಗೆ ತೂರಿ ಒಂದೊಂದನ್ನೇ ಅಲ್ಲಾಡಿಸಿ ನೋಡಿದೆ. ಸೈಲೆನ್ಸರ್ ಪೈಪಿನ ಮೇಲೆ ಶಾಖ ತಡೆಯೋಕೆ ಹಾಕಿದ್ದ ತಗಡಿನ ಒಂದು ಬೋಲ್ಟ್ ತುಕ್ಕು ಹಿಡಿದು ಹೋಗಿತ್ತು. ಒಂದು ಹೋಸ್ ಕ್ಲಾಂಪ್ ತಂದು ಬಿಗಿದೆ, ಸದ್ದು ನಿಂತಿತು.

ನಾನೇನೂ ರಾಯ್ಸ್ ಆಗಲಿಲ್ಲ ಬಿಡಿ. ಆದರೆ ಎರಡು ವರ್ಷದ ಇಂಜಿನಿಯರಿಂಗ್‌ನಲ್ಲಿ ಮೊದಲ ಸಲ ಕೈ ಕೊಳೆಯಾಗಿತ್ತು. ವಾಪಸ್ ಬರುವಾಗ ಅಪ್ಪ ಹಾಡು ಹಾಕಲಿಲ್ಲ. ಇಬ್ಬರೂ ಸುಮ್ಮನೆ ಕಾರಿನ ಸದ್ದು ಕೇಳ್ತಾ ಬಂದ್ವಿ.