ಕನ್ನಡಿಯಲ್ಲಿ ಆಕಾಶ ಹಿಡಿದ ವೈನು ಬಪ್ಪು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬದುಕನ್ನು ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಈ ಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಮೊದಲು ನೆನಪಾದದ್ದು ವೈನು ಬಪ್ಪು. ವೈಟ್‌ಫೀಲ್ಡ್ ದಾಟಿದರೆ ಸಿಗುವ ಹೊಸಕೋಟೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಕನ್ನಡಿಯ ದೂರದರ್ಶಕವನ್ನು ಇಲ್ಲಿ ಕುಳಿತೇ ಉಪಗ್ರಹದ ಮೂಲಕ ತಿರುಗಿಸುತ್ತಾರೆ. ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೇ ಬಪ್ಪು.

ಅವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದುದರಿಂದ ಬಾಲಕನಿಗೆ ದೂರದರ್ಶಕ ಮನೆಯ ಸಾಮಾನಿನಷ್ಟೇ ಪರಿಚಿತವಾಗಿತ್ತು. ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್‌ಗೆ ಹೋದರು. 1949ರಲ್ಲಿ ಅಲ್ಲಿ ಕಂಡುಹಿಡಿದ ಧೂಮಕೇತು ಇಂದಿಗೂ ಬಪ್ಪು-ಬೋಕ್-ನ್ಯೂಕರ್ಕ್ ಎಂದೇ ಪ್ರಸಿದ್ಧ. 1957ರಲ್ಲಿ ಓಲಿನ್ ವಿಲ್ಸನ್ ಜೊತೆ ಪ್ರಕಟಿಸಿದ ಸಂಶೋಧನೆಯಿಂದ, ನಕ್ಷತ್ರದ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲ ನೋಡಿ ಅದರ ನಿಜವಾದ ಪ್ರಕಾಶವನ್ನೂ, ಅದರಿಂದ ದೂರವನ್ನೂ ಲೆಕ್ಕಹಾಕುವುದು ಸಾಧ್ಯವಾಯಿತು.

ವಿದೇಶದಲ್ಲೇ ಉಳಿಯಬಹುದಿತ್ತು. ಆದರೆ ಅವರು ಮರಳಿ ಬಂದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾಗಿ, ಅಲ್ಲಿ ಸೂರ್ಯನನ್ನು ನೋಡಲು ಗೋಪುರ ಮತ್ತು ಸುರಂಗದ ದೂರದರ್ಶಕ ಸ್ಥಾಪಿಸಿದರು. ಗೋಪುರದ ಮೇಲಿನ ಒಂದು ಕನ್ನಡಿ ಸೂರ್ಯನ ಜೊತೆ ತಿರುಗುತ್ತದೆ. ಇನ್ನೊಂದು ಆ ಬೆಳಕನ್ನು ಕೆಳಗಿಳಿಸುತ್ತದೆ. ಹೀಗಾಗಿ ಭೂಮಿ ಸುತ್ತುತ್ತಿದ್ದರೂ ಸುರಂಗದೊಳಗಿನ ಸೂರ್ಯಬಿಂಬ ಅಲುಗುವುದಿಲ್ಲ. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ಸರಿಯುತ್ತದೆ. ಒಡೆದ ಕನ್ನಡಿಯ ಚೂರಿನಿಂದ ಗೋಡೆಯ ಮೇಲೆ ಬಿಸಿಲಕೋಲು ಆಡಿಸಿದ ನನ್ನ ವಿದ್ಯಾರ್ಥಿಗಳಿಗೆ ಇದು ನೆನಪಿರಬೇಕು.

ನಕ್ಷತ್ರ ವೀಕ್ಷಣೆಗೆ ಅವರು ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. ಸಮಭಾಜಕಕ್ಕೆ ಹತ್ತಿರವಾದ್ದರಿಂದ ಅಲ್ಲಿ ಉತ್ತರದ ಆಕಾಶವೂ ದಕ್ಷಿಣದ ಬಹುಪಾಲು ಆಕಾಶವೂ ಕಾಣುತ್ತವೆ. 1968ರಲ್ಲಿ ಸಂಸ್ಥೆಯಲ್ಲೇ ತಯಾರಾದ 38 ಸೆಂಟಿಮೀಟರ್ ದೂರದರ್ಶಕದಿಂದ ಕೆಲಸ ಶುರುವಾಯಿತು. 1971ರಲ್ಲಿ ಸಂಸ್ಥೆ ಸ್ವಾಯತ್ತವಾಯಿತು. ಮುಂದೆ ಬೆಂಗಳೂರು ಅದರ ಕೇಂದ್ರವಾಯಿತು.

ಬಪ್ಪು ಅವರ ದೊಡ್ಡ ಆಸೆ 2.34 ಮೀಟರ್ ದೂರದರ್ಶಕ. ಅದನ್ನು ನಮ್ಮ ದೇಶದಲ್ಲೇ ಮಾಡಬೇಕೆಂದು ಹಠ ಹಿಡಿದರು. ಕನ್ನಡಿಯನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಪ್ರಯೋಗಾಲಯದಲ್ಲೇ. ಅದರ ಮೈಯಲ್ಲಿ ಕೂದಲೆಳೆಯ ನೂರನೆಯ ಒಂದು ಪಾಲಿನಷ್ಟು ಉಬ್ಬುತಗ್ಗೂ ಇರುವಂತಿಲ್ಲ. ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆದರೆ 1982ರ ಆಗಸ್ಟ್ 19ರಂದು, 55ನೆಯ ವಯಸ್ಸಿನಲ್ಲಿ, ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ದೂರದರ್ಶಕ ಇನ್ನೂ ಮುಗಿದಿರಲಿಲ್ಲ. ಸಹೋದ್ಯೋಗಿಗಳು ಕೆಲಸ ನಿಲ್ಲಿಸಲಿಲ್ಲ. 1986ರ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದರು. ತಾವು ಕಣ್ಣಿಟ್ಟು ನೋಡದ ಆ ದೂರದರ್ಶಕಕ್ಕೆ ಇಂದು ಬಪ್ಪು ಅವರದೇ ಹೆಸರು.

ನಮ್ಮ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಈ ಬದುಕನ್ನು ತಮ್ಮ ಮಕ್ಕಳಿಗೆ ಹೇಳಲಿ. ಆಕಾಶ ನೋಡುವ ಕೆಲಸವೂ ಉಜ್ಜುವ ಕೈಗಳಿಂದಲೇ ಆರಂಭವಾಗುತ್ತದೆ.